ಕಣ್ಣಿಗೆ ಬೀಳದ ಎಣ್ಣೆ ಮಾಲಿನ್ಯ: ಬೆಂಗ್ರೆ ಅಳಿವೆಯ ಮತ್ಸ್ಯ ಸಂತತಿಯ ರಕ್ಷಣೆ

2022ರ ಜೂನ್‌ನಲ್ಲಿ ಉಳ್ಳಾಲ ಸಮೀಪದ ಕಡಲಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಸರಕು ಹಡಗು ಮುಳುಗಿದಾಗ, ತೈಲ ಸೋರಿಕೆಯ ಆತಂಕ ಕರಾವಳಿಯನ್ನೇ ಆವರಿಸಿತ್ತು. ಅಂತಹ ಅವಘಡ ಎಲ್ಲರ ಗಮನಕ್ಕೂ ಬರುತ್ತದೆ. ಆದರೆ ಬೆಂಗ್ರೆ ಮತ್ತು ಹಳೆ ಬಂದರಿನ ನಡುವೆ ಹರಿಯುವ ಫಲ್ಗುಣಿಯ ನೀರಿಗೆ ಬೋಟುಗಳಿಂದ ಹನಿಹನಿಯಾಗಿ ಸೇರುವ ಎಣ್ಣೆ ಸುದ್ದಿಯಾಗುವುದಿಲ್ಲ. ಇಂಜಿನ್ ಸೋರಿಕೆ, ಬೋಟಿನ ತಳದಲ್ಲಿ ನಿಂತ ಎಣ್ಣೆಮಿಶ್ರಿತ ನೀರು, ಡೀಸೆಲ್ ತುಂಬಿಸುವಾಗ ಚೆಲ್ಲುವ ಹನಿ, ಬದಲಾಯಿಸಿದ ಹಳೆಯ ಎಣ್ಣೆ ಇದರ ಮೂಲಗಳು.

ಪರಿಣಾಮ ಹೇಗೆ?

ಎಣ್ಣೆಯ ಹಗುರ ಅಂಶಗಳು ಬಿಸಿಲಿಗೆ ಆವಿಯಾಗುತ್ತವೆ. ಭಾರವಾದ ವಿಷಾಂಶಗಳು ಮಣ್ಣಿನ ಕಣಗಳಿಗೆ ಅಂಟಿ ತಳ ಸೇರುತ್ತವೆ. ಆಮ್ಲಜನಕ ವಿರಳವಾಗಿರುವ ಕೆಸರಿನಲ್ಲಿ ಅವು ವರ್ಷಗಟ್ಟಲೆ ಉಳಿದು, ತಳ ಕದಡಿದಾಗ ಮತ್ತೆ ಮೇಲೇಳುತ್ತವೆ. ನೀರನ್ನು ಸೋಸಿ ಆಹಾರ ಪಡೆಯುವ ಮರುವಾಯಿ, ಪಚ್ಚಿಲೆಗಳ ದೇಹದಲ್ಲಿ ಅವು ಶೇಖರವಾಗುತ್ತವೆ. ಬೆಳೆದ ಮೀನು ಯಕೃತ್ತಿನ ಮೂಲಕ ಒಂದಿಷ್ಟು ವಿಷವನ್ನು ಹೊರಹಾಕಬಲ್ಲದು. ಮೊಟ್ಟೆಗೆ ಆ ಸಾಮರ್ಥ್ಯ ಅತ್ಯಲ್ಪ.

1989ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗಿನಿಂದ ತೈಲ ಸೋರಿದ ಬಳಿಕ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿವೆ. ನೂರು ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ವಿಷಾಂಶವಿದ್ದರೂ ಸಾಲ್ಮನ್ ಮತ್ತು ಹೆರಿಂಗ್ ಮೀನಿನ ಭ್ರೂಣಗಳಿಗೆ ಹಾನಿಯಾಗಿತ್ತು. ಆರೋಗ್ಯವಾಗಿ ಕಂಡ ಸಾಲ್ಮನ್ ಮರಿಗಳೂ ಕಡಲಿನಿಂದ ಕಡಿಮೆ ಸಂಖ್ಯೆಯಲ್ಲಿ ಮರಳಿದವು. ಹೆರಿಂಗ್ ನಮ್ಮ ಬೂತಾಯಿಗೆ ಸಮೀಪದ ಸಂಬಂಧಿ ಎಂಬುದನ್ನು ಗಮನಿಸಬೇಕು.

ನಿಷೇಧದ ಅವಧಿಯ ಎಚ್ಚರ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವು ಮತ್ಸ್ಯ ಸಂತಾನಾಭಿವೃದ್ಧಿಗಾಗಿ ಜಾರಿಯಲ್ಲಿದೆ. ಅದೇ ಅವಧಿಯಲ್ಲಿ ಬೋಟುಗಳು ದಕ್ಕೆಯಲ್ಲಿ ನಿಂತು ದುರಸ್ತಿಗೊಳ್ಳುತ್ತವೆ. ಆಗ ನದಿಗೆ ಸುರಿದ ಎಣ್ಣೆಯನ್ನು ಇಳಿತದ ನೀರು ಅಳಿವೆಯ ಮೂಲಕ ಕಡಲಿಗೆ ಒಯ್ಯುತ್ತದೆ. ಬಲೆಯಿಂದ ಉಳಿಸಿದ ಮೊಟ್ಟೆ, ಮರಿಗಳನ್ನು ನಾವೇ ಎಣ್ಣೆಗೆ ಒಡ್ಡಿದಂತಾಗುತ್ತದೆ. ಇದರ ನಷ್ಟ ಮುಂದಿನ ಋತುಗಳ ಬಲೆಯಲ್ಲಿ ಕಾಣಿಸಿಕೊಳ್ಳಬಹುದು. ದೂರದ ಕಡಲಿಗೆ ಹೋಗಲಾಗದ ನಾಡದೋಣಿಯವರಿಗೆ ಅದನ್ನು ತುಂಬಿಕೊಳ್ಳುವ ದಾರಿಯೂ ಕಡಿಮೆ.

ಆದ್ದರಿಂದ ಬೋಟು ಮಾಲೀಕರು, ಚಾಲಕರು ಹಾಗೂ ದುರಸ್ತಿಗಾರರು:

1. ಬದಲಾಯಿಸಿದ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೇ ನೀಡುವುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ.
2. ಬೋಟಿನ ತಳದ ನೀರನ್ನು ಹೊರಹಾಕುವ ಮೊದಲು ಎಣ್ಣೆಯನ್ನು ಬೇರ್ಪಡಿಸುವುದು.
3. ಚೆಲ್ಲಿದ ಎಣ್ಣೆಯ ಮೇಲೆ ಸೋಪಿನ ಪುಡಿ ಸುರಿಯದಿರುವುದು. ಅದರಿಂದ ಎಣ್ಣೆ ಕಣ್ಮರೆಯಾದರೂ, ಸಣ್ಣ ಹನಿಗಳಾಗಿ ನೀರಿನಲ್ಲೇ ಬೆರೆಯುತ್ತದೆ.

ಮೀನುಗಾರ ಬಾಂಧವರೆಲ್ಲರೂ ಈ ಕ್ರಮಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.