ಅಂಗಳದಲ್ಲಿ ನಿಂತ ಮಾರುತಿ

ಕೆಟ್ಟು ನಿಂತ ಮಾರುತಿ 800 ಇನ್ನೂ ಕೆಲವು ಮನೆಗಳ ಅಂಗಳದಲ್ಲಿದೆ. ‘ರಿಪೇರಿ ಮಾಡಿಸಪ್ಪಾ, ಕಾಲೇಜಿಗೆ ನಾನೇ ಓಡಿಸಿಕೊಂಡು ಹೋಗ್ತೀನಿ’ ಎಂದು ಮಗಳು. ‘ಆ ದುಡ್ಡು ನಿನ್ನ ಫೀಸಿಗೆ ಬೇಕಮ್ಮ’ ಎಂದು ಅಪ್ಪ. ತೀರ್ಮಾನಕ್ಕೆ ಮೊದಲು ಇಬ್ಬರೂ ಕಾರಿನ ಕೆಳಗೊಮ್ಮೆ ಇಣುಕಿ ನೋಡಲಿ.

ಎಂಜಿನ್ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು. ಆದರೆ ಈ ಕಾರಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಬೆಸೆದ ತಗಡಿನ ಬಾಡಿಯೇ ಎಲ್ಲ ಭಾರ ಹೊರಬೇಕು. ತಳ ತುಕ್ಕು ಹಿಡಿದು ತೂತಾಗಿದ್ದರೆ ಎಂಜಿನ್ನಿಗೆ ಸುರಿಯುವ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. (ಮೇಲೆ ಹೊಸ ಬಣ್ಣ ಹೊಡೆಸಿ ಸಮಾಧಾನಪಡುವವರೂ ಉಂಟು!)

ತಳ ಗಟ್ಟಿಯಿದ್ದರೂ ಇನ್ನೊಂದು ಲೆಕ್ಕವಿದೆ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಈ ಶುಲ್ಕವನ್ನೇ 10,000 ರೂಪಾಯಿಗೆ ಏರಿಸಲಾಯಿತು. ಗ್ಯಾರೇಜಿನವರ ಅಂದಾಜಿಗೆ ಇದನ್ನೂ ವಿಮೆಯನ್ನೂ ಕೂಡಿಸಿದ ಮೇಲೆ ಅಪ್ಪ-ಮಗಳು ಮಾತಿಗೆ ಕೂರುವುದು ಮೇಲು.

ಮಾರುವುದಾದರೆ, ಹಣ ಎಣಿಸಿಕೊಂಡು ಕೀ ಕೊಟ್ಟರೆ ಸಾಲದು. 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಹೆಸರು ವರ್ಗಾವಣೆಯಾಗುವವರೆಗೂ ಬೆನ್ನು ಬಿಡಬೇಡಿ. ಕೊಂಡವರು ಅಪಘಾತ ಮಾಡಿದರೂ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.