ಕೊಂಡುಕುರಿ ಬಾರದ ಬೆಳಗುಗಳು

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಗಳಿಗಾಗಿಯೇ ವನ್ಯಜೀವಿಧಾಮವಾಯಿತು. ಇದು ಕತ್ತಲು ಕವಿಯುವ ಮಲೆನಾಡಿನ ಕಾಡಲ್ಲ. ಜಾಲಿ, ತುಗ್ಗಲಿ, ಕವಳಿಯ ಪೊದೆ, ನಡುನಡುವೆ ಮೊಣಕಾಲುದ್ದದ ಒಣಹುಲ್ಲು, ಕೆಮ್ಮಣ್ಣು. ಅದರ ಅಂಚಿನಲ್ಲಿ, ಹೊಲದ ಬದುವಿಗೆ ತಾಗಿದ ಬಂಡೆಯ ಮೇಲೆ ನಾನು ಬೆಳಗಿನ ಧ್ಯಾನಕ್ಕೆ ಕೂರುತ್ತೇನೆ. ಎದುರಿಗೆ ಕೆಲವು ಮಾರು ದೂರದಲ್ಲಿ ಕೊಂಡುಕುರಿಯ ಹಿಕ್ಕೆಯ ಗುಡ್ಡೆ. ಈ ಪ್ರಾಣಿ ಹಿಕ್ಕೆ ಹಾಕಲು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದೆ. ಯಾವಾಗ ಎಂಬುದು ಅದಕ್ಕೆ ಬಿಟ್ಟದ್ದು.

ಹೆಚ್ಚಿನ ಬೆಳಗುಗಳಲ್ಲಿ ಅದು ಬರುವುದಿಲ್ಲ. ನನ್ನೊಳಗೂ ಏನೂ ಬರುವುದಿಲ್ಲ. ಬೆಳಕಿಲ್ಲ, ಆನಂದವಿಲ್ಲ, ಹೇಳಿಕೊಳ್ಳುವಂಥ ಶಾಂತಿಯೂ ಇಲ್ಲ. ಇಂಥ ದಿನಗಳಲ್ಲಿ ಮಂತ್ರ ಬದಲಿಸಬೇಕು, ಗುರುವನ್ನು ಬದಲಿಸಬೇಕು ಎನಿಸುವುದುಂಟು. ನಾನು ಬದಲಿಸುವುದು ನೋಟದ ಅಗಲವನ್ನು ಮಾತ್ರ. ಇನ್ನಷ್ಟು ಕಿರಿದು ಮಾಡಿಕೊಳ್ಳುತ್ತೇನೆ. ಪ್ರಾಣಿಯನ್ನು ನೋಡುವ ಕ್ರಮದಲ್ಲೇ ಉಸಿರನ್ನೂ ನೋಡುತ್ತೇನೆ: ಎಲ್ಲಿ ಕಾಣಿಸಿತು, ಯಾವ ಕಡೆ ಹೊರಳಿತು, ಎಲ್ಲಿ ಮರೆಯಾಯಿತು.

ಒಳಬರುವಾಗ ಎಡ ಹೊಳ್ಳೆಯ ಒಳಗೋಡೆಗೆ ತಣ್ಣಗೆ ತಾಗುತ್ತದೆ. ಬಲಗಡೆ ಆ ತಂಪು ಇನ್ನೂ ತೆಳುವು. ಕೆಲವು ದಿನ ಎಡಬಲ ಅದಲುಬದಲಾಗಿರುತ್ತದೆ. ಹೊರಹೋಗುವ ಉಸಿರು ಬೆಚ್ಚಗೆ ಮೇಲ್ದುಟಿಯ ಮೇಲೆ ಹರಡಿ ಆರಿಹೋಗುತ್ತದೆ. ಆಮೇಲೆ ಒಂದು ತೆರಪು. ಹೊಟ್ಟೆ ಇಳಿದಿದೆ, ಎದೆ ಇನ್ನೂ ಏರಿಲ್ಲ. ಆ ತೆರಪಿನಲ್ಲಿ, ಮಡಿಲಲ್ಲಿಟ್ಟ ಕೈಯ ಹೆಬ್ಬೆರಳು ನಾಡಿಯ ಬಡಿತಕ್ಕೆ ಕೂದಲೆಳೆಯಷ್ಟು ಮಿಡುಕುವುದು ತಿಳಿಯುತ್ತದೆ. ದೂರದಲ್ಲಿ ಗೌಜಲಹಕ್ಕಿ ಕೂಗಿದರೆ ಮಿಡುಕು ಒಮ್ಮೆ ಬಿರುಸಾಗಿ, ಮತ್ತೆ ಮೊದಲಿನ ನಡೆಗೆ ಇಳಿಯುತ್ತದೆ.

ಚಿಕ್ಕಂದಿನಲ್ಲಿ, ಹೊನ್ನಾಳಿಯಲ್ಲಿ ಅಜ್ಜಿ ಇಷ್ಟಲಿಂಗ ಪೂಜೆಗೆ ಕೂತಾಗ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಎಡ ಅಂಗೈಯಲ್ಲಿ ಲಿಂಗ, ಅರೆತೆರೆದ ಕಣ್ಣು. ಲಿಂಗದ ನೀಲಗಪ್ಪು ಮೈಮೇಲೆ ದೀಪದ ಬಿಂಬ, ಸಾಸಿವೆಯಷ್ಟು. ಅವಳ ಉಸಿರಿನೊಡನೆ ಆ ಚುಕ್ಕೆ ಮೊದಮೊದಲು ಅತ್ತಿತ್ತ ಜಾರಾಡುತ್ತಿತ್ತು. ಬರಬರುತ್ತಾ ಓಡಾಟ ಕಿರಿದಾಗಿ, ಬರೀ ಹೊಳಪು ಹೆಚ್ಚಿ ಕುಗ್ಗುತ್ತಿತ್ತು. ದಿನವೂ ಅದೇ ಲಿಂಗ, ಅದೇ ದೀಪ. ‘ಬ್ಯಾಸರ ಆಗಲ್ವಾ ಅಜ್ಜಿ?’ ಎಂದು ಕೇಳಿದ್ದೆ. ‘ಇನ್ನಾ ಪೂರ್ತಿ ನೋಡಿಲ್ಲ ಮಗಾ’ ಅಂದಿದ್ದಳು.

ಒಂದು ಮಾಘದ ಬೆಳಗ್ಗೆ ಕೊಂಡುಕುರಿ ಬಂತು. ಬಂದದ್ದನ್ನು ನಾನು ಕಾಣಲಿಲ್ಲ. ತುಗ್ಗಲಿಯ ಕೆಳಗೆ ಒಣಹುಲ್ಲಿನ ಬಣ್ಣ ಒಂದಿಷ್ಟು ಕೆಂಪೇರಿತ್ತು, ಆ ಕೆಂಪಿಗೆ ಕಿವಿಯಿತ್ತು. ನಾಲ್ಕು ಕೊಂಬು ಗಂಡಿಗೆ ಮಾತ್ರ. ಇದು ಬೋಳುನೆತ್ತಿಯ ಹೆಣ್ಣು. ಮುಂಗಾಲುಗಳ ಮುಂಬದಿಯಲ್ಲಿ ಕಾಡಿಗೆ ಎಳೆದಂಥ ಗೆರೆ. ಭಾರತ, ನೇಪಾಳ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಸಿಗದ ಜೀವ ನನ್ನೆದುರು ನಿಂತಿತ್ತು. ಒಂದು ಕಿವಿ ನನ್ನ ಕಡೆ, ಇನ್ನೊಂದು ಹಿಂದಕ್ಕೆ. ಮೂಗಿನ ತುದಿಯ ತೇವ ಮಿನುಗಿತು, ಪಕ್ಕೆ ಉಬ್ಬಿ ಇಳಿಯಿತು, ಮತ್ತೆ ಬಹಳ ಹೊತ್ತು ಉಬ್ಬಲೇ ಇಲ್ಲ. ಕೊನೆಗೆ ಬಲ ಮುಂಗಾಲನ್ನು ಮಡಿಸಿ, ಗಾಳಿಯಲ್ಲೇ ಹಿಡಿದು, ಸದ್ದಿಲ್ಲದೆ ಊರಿತು. ಅದರ ನಡಿಗೆಯೇ ಹಾಗೆ, ತುಂಡುತುಂಡು. ಪೊದೆಯ ಆಚೆ ಹೋದಮೇಲೂ ಹುಲ್ಲಿನ ಒಂದು ಗರಿ ತೂಗುತ್ತಿತ್ತು.

ಅದು ಕಂಡ ದಿನದ ಧ್ಯಾನ ಆಳವಾಗಿತ್ತೆಂದು ಹೇಳಲಾರೆ. ಮನಸ್ಸು ತುಂಬ ಗದ್ದಲ. ಹೆಬ್ಬೆರಳಿನ ಮಿಡುಕು ಕೈಗೆ ಸಿಗಲೇ ಇಲ್ಲ. ಅದು ಮತ್ತೆ ತಿಳಿಯತೊಡಗಿದ್ದು ಏನೂ ಬಾರದ ಮುಂದಿನ ಬೆಳಗುಗಳಲ್ಲಿ.

ಈಚೆಗೆ ನಾನು ನೋಡುತ್ತಿರುವುದು ಉಸಿರಿನ ಆರಂಭವನ್ನು. ತೆರಪು ಮುಗಿದು ಮುಂದಿನ ಉಸಿರು ಮೊದಲು ಎಲ್ಲಿ ಕದಲುತ್ತದೆ? ಮೂಗಿನಲ್ಲಲ್ಲ, ಅಷ್ಟು ತಿಳಿದಿದೆ. ಪಕ್ಕೆಲುಬಿನ ಕೆಳಗೆ, ಬೆನ್ನಿನ ಕಡೆಗೆ, ಸಣ್ಣದೊಂದು ಬಿಗಿ ಏಳುತ್ತದೆ. ಅದು ನನ್ನ ಅರಿವಿಗೆ ಬರುವ ಹೊತ್ತಿಗೆ ಉಸಿರು ಅರ್ಧ ದಾರಿ ಬಂದಿರುತ್ತದೆ.