ನಿಮಗಿದು ಗೊತ್ತೆ? ಹೆಸರು ನಾಲ್ಕು, ಆಸಾಮಿ ಒಬ್ಬನೇ!

ದ್ಮಿತ್ರಿ, ಮಿತ್ಯಾ, ಮಿತೆಂಕಾ, ಮಿತ್ಕಾ. ದೊಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಓದುವವರು ಇವರನ್ನು ನಾಲ್ವರೆಂದುಕೊಂಡರೆ ಆಶ್ಚರ್ಯವಿಲ್ಲ. ಎಲ್ಲವೂ ಆ ಮನೆಯ ಹಿರಿಮಗನ ಹೆಸರುಗಳೇ! ರಷ್ಯನ್ನರಲ್ಲಿ ಹೆಸರು ಕೇಳಿದರೆ ಸಾಕು, ಕರೆಯುವವರ ಮನಸ್ಸು ಗೊತ್ತಾಗುತ್ತದೆ. ಮನೆಯವರಿಗೆ, ಗೆಳೆಯರಿಗೆ ಅವನು ಮಿತ್ಯಾ. ಮುದ್ದು ಉಕ್ಕಿದರೆ ಮಿತೆಂಕಾ. ಮಿತ್ಕಾ ಎಂದರೆ ತಾತ್ಸಾರ. ಕೆಲವೊಮ್ಮೆ ಅತಿ ಸಲುಗೆಯೂ ಹೌದು. ಮರ್ಯಾದೆ ಕೊಡಬೇಕೆಂದರೆ ಅಪ್ಪನ ಹೆಸರನ್ನೂ ಸೇರಿಸಿ ‘ದ್ಮಿತ್ರಿ ಫ್ಯೋದರೊವಿಚ್’ ಎನ್ನಬೇಕು. ರಷ್ಯದ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಮೇಷ್ಟ್ರನ್ನು ಕರೆಯುವುದು ಹೀಗೆಯೇ.

ಕರೆಯುವ ಹೆಸರು ಅಸಲಿ ಹೆಸರನ್ನು ಹೋಲಲೇಬೇಕೆಂದೇನಿಲ್ಲ. ಅಲೆಕ್ಸಾಂದರ್ ಎಂಬವನು ಸಾಷಾ ಆಗುತ್ತಾನೆ. ಅಲೆಕ್ಸಾಂದ್ರಾ ಎಂಬವಳೂ ಸಾಷಾನೇ! ಹೆಸರು ಕೇಳಿ ಗಂಡೋ ಹೆಣ್ಣೋ ಹೇಳುವಂತಿಲ್ಲ. ಯೆವ್ಗೇನಿ, ಯೆವ್ಗೇನಿಯಾ ಇಬ್ಬರಿಗೂ ‘ಜೆನ್ಯಾ’ ಒಂದೇ.

ಚೆಕೊವ್‌ನ ನಾಟಕದ ‘ವಾನ್ಯಾ ಮಾಮ’ನ ನಿಜವಾದ ಹೆಸರು ಇವಾನ್ ಪೆತ್ರೊವಿಚ್. ಅದೇ ಲೇಖಕನ 1886ರ ಕಥೆಯೊಂದರಲ್ಲಿ ಇನ್ನೊಬ್ಬ ಇವಾನ್ ಇದ್ದಾನೆ. ಒಂಬತ್ತು ವರ್ಷದ ಅನಾಥ, ಮಾಸ್ಕೋದ ಚಮ್ಮಾರನೊಬ್ಬನ ಬಳಿ ಕೆಲಸ ಕಲಿಯಲು ಸೇರಿದವನು. ಅವನನ್ನು ಯಾರೂ ಇವಾನ್ ಎನ್ನುವುದಿಲ್ಲ. ಕಥೆಗೂ ಅವನ ಆ ಬಡ ಹೆಸರೇ: ‘ವಾಂಕಾ’.